ಅಟ್ಟವಿಲ್ಲದ ಮನೆಯ ಕೊಬ್ಬರಿ

ರೇವಣಸಿದ್ದಯ್ಯ ತಿಪಟೂರಿಗೆ ಹೊರಟರೆ ಕೈಯಲ್ಲೊಂದು ಕಂದು ಬಣ್ಣದ ಸೂಟ್‌ಕೇಸ್ ಇರಲೇಬೇಕು. ನಂಬರ್ ಬೀಗದ್ದು. ನೊಣವಿನಕೆರೆಯಲ್ಲಿ ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟು ಹಿಡಿದು, ಸೂಟ್‌ಕೇಸನ್ನು ತೊಡೆಯ ಮೇಲೆ ಮಲಗಿಸಿ, ಅದರ ಮೇಲೆ ಎರಡೂ ಕೈ ಊರಿ, ಒಳಗೆ ತಾಲ್ಲೂಕಿನ ಖಜಾನೆಯೇ ಇದೆ ಎಂಬಂತೆ ಮುಖ ಬಿಗಿದುಕೊಂಡು ಕೂರುತ್ತಿದ್ದ. ಒಳಗಿರುತ್ತಿದ್ದುದು ಎಲೆಅಡಿಕೆ ಚೀಲ, ಒಂದು ಟವೆಲ್ಲು, ಹೆಂಡತಿ ಸುವರ್ಣಮ್ಮ ಕಟ್ಟಿಕೊಟ್ಟ ರಾಗಿರೊಟ್ಟಿ. ಅಂಥ ಸೂಟ್‌ಕೇಸಿನಿಂದ ರೊಟ್ಟಿ ತೆಗೆದು ನಾಲ್ಕು ಜನರ ಮುಂದೆ ತಿನ್ನುವುದು ಹೇಗೆ? ಬಸ್ಸಿನಲ್ಲಿ ಆಗದು, ಮಂಡಿಯಲ್ಲಿ ಆಗದು, ಹೋಟೆಲಿನಲ್ಲಂತೂ ಆಗಲೇ ಆಗದು. ಹೀಗಾಗಿ ರೊಟ್ಟಿ ಹೋದಂತೆಯೇ ಸಂಜೆ ಮನೆಗೆ ಬಂದು ಎಮ್ಮೆಯ ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು. ಆ ಸೂಟ್‌ಕೇಸಿನಿಂದ ಲಾಭ ಕಂಡ ಜೀವ ಅದೊಂದೇ.

ಜನರ ಕಣ್ಣಿಗೆ ದೊಡ್ಡವನಾಗಿ ಕಾಣಬೇಕೆಂಬ ಈ ಕಾಯಿಲೆ ಅವನಿಗೆ ಮದುವೆಯ ದಿನವೇ ಇತ್ತು. ಧಾರೆಗೆ ಕೂತಾಗ ಕಟ್ಟಿದ್ದ ಕೈಗಡಿಯಾರ ಸೋದರಮಾವನದು. ಊಟದ ಎಲೆ ಎತ್ತುವ ಮೊದಲೇ ಮಾವ ಅದನ್ನು ಬಿಚ್ಚಿಸಿಕೊಂಡು ಹೋದದ್ದನ್ನು ಹೊಸ ಹೆಂಡತಿ ಕಣ್ಣಾರೆ ಕಂಡಳು. ಆಮೇಲಿನ ಇಪ್ಪತ್ತೆರಡು ವರ್ಷ ಅವಳು ಕಂಡದ್ದೆಲ್ಲ ಅದರ ಮರಿಗಳೇ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಜೇಬಿನಲ್ಲಿ ಮೂರು ಪೆನ್ನು. ತಿಪಟೂರಿನ ಹೋಟೆಲಿನಲ್ಲಿ ಗುರುತಿಲ್ಲದವರ ಕಾಫಿಗೂ "ನಮ್ ಲೆಕ್ಕಕ್ಕೇ ಹಾಕ್ರೀ" ಎಂದು ಬೀದಿಗೆ ಕೇಳುವಂತೆ ಕೂಗುವವನು, ಮನೆಗೆ ನೆಂಟರು ಬಂದರೆ ಅಡಿಗೆಮನೆಗೆ ನುಗ್ಗಿ, "ಸಕ್ಕರೆ ವಸಿ ಕೈ ಹಿಡಿದು ಹಾಕು ಕಣೇ" ಎಂದು ಪಿಸುಗುಡುತ್ತಿದ್ದ. ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಅಚ್ಚಾಗದ ಮದುವೆಗೆ ಹೋಗುತ್ತಿರಲಿಲ್ಲ. ಸರ್ಕಾರಿ ಜೀಪು ಊರ ಮುಂದೆ ಹಾದರೆ ಕೈ ಎತ್ತಿ, "ನಮಗೆ ಭಾಳ ಬೇಕಾದೋರು" ಅನ್ನುತ್ತಿದ್ದ. ಜೀಪಿನೊಳಗೆ ಡ್ರೈವರೊಬ್ಬನೇ ಇದ್ದರೂ.

ಎತ್ತಿಗೆ ಹುಲ್ಲಿಲ್ಲ, ಕೊಂಬಿಗೆ ಕಳಸ ಎಂದು ಅವನ ಊರು ಬಸವನಪಾಳ್ಯದ ಜನ ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಹುಲ್ಲು ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಸುವರ್ಣಮ್ಮ. ಗಂಡನ ಡೌಲು ಅಂಗಳದಲ್ಲಿ ಏನಾದರೂ ಕುಣಿಯಲಿ, ಅಟ್ಟ ತನ್ನದು ಎಂದು ಅವಳು ಸುಮ್ಮನಿದ್ದಳು.

ಆ ಸೀಮೆಯಲ್ಲಿ ಮನೆಯೆಂದರೆ ಅಟ್ಟ. ಉಳಿದದ್ದು ಅದನ್ನು ಹೊತ್ತು ನಿಲ್ಲುವ ಗೋಡೆ. ಹೆಂಚಿನ ಮಾಡಿನ ಕೆಳಗೆ, ಅಡಿಕೆ ಮರ ಸೀಳಿದ ದಬ್ಬೆಗಳನ್ನು ಬೆರಳು ಸಂದಿ ಬಿಟ್ಟು ಹಾಸಿ, ಅದರ ಮೇಲೆ ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಏರಿಸಿದರೆ ಒಂದು ವರ್ಷ ಅವನ್ನು ಮುಟ್ಟುವಂತಿಲ್ಲ. ಕೆಳಗಿನ ಒಲೆಯ ಕಾವು, ಮೇಲಿನ ಹೆಂಚಿನ ಬಿಸಿ, ಸಂದಿಯಲ್ಲಾಡುವ ಗಾಳಿ, ಇಷ್ಟರಲ್ಲೇ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಕಾಯಿ ಎತ್ತಿ ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಗ ಅದು ಕೊಬ್ಬರಿ. ಅವಸರ ಮಾಡಿದರೆ ಕೊಳೆ. ಅತ್ತೆ ಹೊಂಬಾಳಮ್ಮ ಸಾಯುವ ಮುಂಚೆ ಸೊಸೆಗೆ ಒಡವೆ ಕೊಡಲಿಲ್ಲ, ಅಟ್ಟದ ಏಣಿ ತೋರಿಸಿದಳು. "ಇದ ನಿಗಾ ಮಾಡ್ಕ. ನನ್ನ ಮಗನ್ನ ನಂಬ್ಕಬ್ಯಾಡ" ಅಂದಳು. ಹೆತ್ತವಳ ಬಾಯಲ್ಲಿ ಬಂದ ಮಾತು, ಸುಳ್ಳಾಗಲಿಲ್ಲ.

ಈ ಅಟ್ಟಕ್ಕೆ ಒಬ್ಬರೇ ಗಿರಾಕಿ. ತಿಪಟೂರಿನ ವರ್ತಕರು ಕಾಡಸಿದ್ದಪ್ಪನವರು. ಪೇಟೆಯಲ್ಲಿ ಎರಡು ಮಂಡಿ ಇದ್ದರೂ ಸವೆದ ಚಪ್ಪಲಿ, ಮಾಸಲು ಪಂಚೆ. ಪ್ರತಿ ಕಾರ್ತೀಕದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದು ಬಂದು, ತಾವೇ ಏಣಿ ಹತ್ತಿ, ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿ ಅಲ್ಲಾಡಿಸುತ್ತಿದ್ದರು. ಮಾತು ಮುಗಿಯಿತು. ಉತ್ತರದಿಂದ ಬರುವ ಸೇಟುಗಳಿಗೆ ಅವರು ಮಾದರಿ ಎಂದು ಒಡೆದು ತೋರಿಸುತ್ತಿದ್ದುದು ಈ ಅಟ್ಟದ ಕೊಬ್ಬರಿಯನ್ನೇ. "ಸುವರ್ಣಮ್ಮಾರ ಅಟ್ಟದ್ದು" ಎಂದು ಅವರು ಮಂಡಿಯಲ್ಲಿ ಹೇಳುತ್ತಾರಂತೆ. ಈ ಸುದ್ದಿ ಕಿವಿಗೆ ಬಿದ್ದ ದಿನ ಸುವರ್ಣಮ್ಮ ಯಾರಿಗೂ ಹೇಳಿಕೊಳ್ಳಲಿಲ್ಲ. ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಂತೆ ಇಟ್ಟುಕೊಂಡಳು. ಅವಳಿಗೆ ಪ್ರಪಂಚದಲ್ಲಿ ಇದ್ದ ಹೆಸರು ಅದೊಂದೇ.

ಎಡವಟ್ಟು ಶುರುವಾದದ್ದು ತುರುವೇಕೆರೆಯಿಂದ. ಅಲ್ಲಿ ಸುವರ್ಣಮ್ಮನ ತಂಗಿ ಚಿಕ್ಕಗೌರಮ್ಮನನ್ನು ಕೊಟ್ಟಿತ್ತು. ಅವಳ ಗಂಡ ಜ್ಞಾನೇಶ ರಸ್ತೆ ಕಾಂಟ್ರಾಕ್ಟು ಮಾಡಿ, ತಾರಸಿ ಮನೆ ಕಟ್ಟಿ, ಬೀದಿಗೆ ಬಾಲ್ಕನಿ ಚಾಚಿದ್ದ. ಅವನೂ ಅದೇ ಮಣ್ಣಿನ ಮಡಕೆ, ಬಣ್ಣ ಬೇರೆ ಅಷ್ಟೆ. ತೊಂಬತ್ತೆಂಟರ ಯುಗಾದಿಗೆ ಬಸವನಪಾಳ್ಯಕ್ಕೆ ಬಂದವನು, ಊಟಕ್ಕೆ ಏಳುವಾಗ ಅಟ್ಟದ ತೊಲೆಗೆ ಹಣೆ ಹೊಡೆಸಿಕೊಂಡ.

"ಅಣ್ಣ, ನಿಮ್ಮನೇಲಿ ಎಂಥಾ ಗಂಡ್ಸೂ ತಲೆ ಬಗ್ಗಿಸ್ಕಂಡೇ ಓಡಾಡ್ಬೇಕು ಬುಡಿ" ಅಂದ ಹಣೆ ಉಜ್ಜಿಕೊಳ್ಳುತ್ತ. "ಈ ಕಾಲದಾಗೂ ಕಾಯಿ ಕೆಳಗೆ ಮಲಗ್ತೀರಲ್ಲ. ನಾನು ಮೇಲೊಂದು ಮಹಡಿ ಏರಿಸ್ತಾ ಇವ್ನಿ. ಫಾಲ್ಗುಣಕ್ಕೆ ಪ್ರವೇಶ. ನೀವೇ ಮುಂದೆ ನಿಂತು ಮಾಡ್ಕೊಡ್ಬೇಕು."

ಷಡ್ಡಕನ ಮಾತೆಂದರೆ ಮೆಣಸಿನಕಾಯಿ ಘಾಟು, ಎಲ್ಲೋ ಹುರಿದರೂ ಇಲ್ಲಿ ಕೆಮ್ಮು. ರೇವಣಸಿದ್ದಯ್ಯ ಹದಿನೈದು ದಿನ ಸರಿಯಾಗಿ ಉಣ್ಣಲಿಲ್ಲ. ಹದಿನಾರನೇ ದಿನ ತಿಪಟೂರಿನಿಂದ ಒಬ್ಬ ಕಾಂಟ್ರಾಕ್ಟರನನ್ನು ಕರೆತಂದು ಮನೆ ಅಳೆಸಿದ.

"ಅಟ್ಟದ ಮೇಲೆ ಕಾಯಿ ಐತಲ್ರೀ" ಅಂದಳು ಸುವರ್ಣಮ್ಮ. "ಎಂಟು ಸಾವಿರ ಕಾಯಿ. ಏರ್ಸಿ ಆರೇ ತಿಂಗ್ಳು. ದೀಪಾವಳಿ ಕಳೀಲಿ, ಕೊಬ್ರಿ ಇಳ್ಸಿ ಕೊಟ್ಟಮ್ಯಾಕೆ ಏನಾರ ಕೆಡವ್ಕಳ್ಳಿ. ನಾನ್ಯಾಕೆ ಬ್ಯಾಡ ಅನ್ಲಿ?"

"ದೀಪಾವಳಿಗಂಟ ಕುಂತ್ರೆ ಅವ್ನು ಮಹಡಿ ಮುಗಿಸ್ತಾನೆ ಕಣೇ."

"ಮುಗಿಸ್ಲಿ ಬುಡಿ. ಅವ್ನ ಮಹಡಿ ಮ್ಯಾಲೆ ನಮ್ಮ ಕಾಯಿ ಒಣಗ್ತವಾ?"

"ನಿಂಗೆ ಮರ್ಯಾದೆ ಅಂದ್ರೆ ಏನೂಂತ ಗೊತ್ತಿಲ್ಲ."

"ಗೊತ್ತು. ಅಟ್ಟದ ಮ್ಯಾಲೈತೆ."

ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಜ್ಯೇಷ್ಠದಲ್ಲಿ ಹೆಂಚು ಇಳಿಯಿತು. ಎಂಟು ಸಾವಿರ ಕಾಯಿ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಬಿತ್ತು. ಅಜ್ಜನ ಕಾಲದ ಹಲಸಿನ ತೊಲೆಗಳು ಕಾಂಟ್ರಾಕ್ಟರನ ಲಾರಿ ಹತ್ತಿದವು. ಅಡಿಕೆ ದಬ್ಬೆಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಸೌದೆಗಾಗುತ್ತದೆ ಬಿಸಾಕು ಅಂದರು. ಸುವರ್ಣಮ್ಮ ಅವನ್ನು ಕಟ್ಟುಕಟ್ಟಾಗಿ ಕಟ್ಟಿ ಹುಲ್ಲಿನ ಬಣವೆಯ ಹಿಂದೆ ನಿಲ್ಲಿಸಿದಳು.

ಆ ಸಲ ಮಳೆ ಚೆನ್ನಾಗಿಯೇ ಹಿಡಿಯಿತು. ಟಾರ್ಪಾಲು ಸೋರಿತು. ಭಾದ್ರಪದದ ಹೊತ್ತಿಗೆ ಕೆಳಗಿನ ಒಂದು ಕೋಣೆಗೆ ತಾರಸಿ ಹಾಕಿ ಮುಗಿದು, ಇನ್ನೂ ದಿನಕ್ಕೆರಡು ಸಲ ಗೋಡೆಗೆ ನೀರು ಹೊಡೆಯುತ್ತಿರುವಾಗಲೇ, ರೇವಣಸಿದ್ದಯ್ಯ ಕಾಯಿಗಳನ್ನೆಲ್ಲ ಅದರೊಳಗೆ ತುಂಬಿಸಿ ಬಾಗಿಲು ಹಾಕಿದ. "ಇದು ಗೋಡೌನ್" ಅಂದ. ಹೆಸರು ಇಟ್ಟರೆ ಗಾಳಿ ಬೆಳಕು ತಾನಾಗಿ ಬರುತ್ತದೆ ಎಂದುಕೊಂಡಿದ್ದನೋ ಏನೋ. ಕಾರ್ತೀಕದಲ್ಲಿ ಕಾಡಸಿದ್ದಪ್ಪನವರು ಹೇಳಿಕಳಿಸಿದಾಗ, "ಈ ಸಲ ಗೃಹಪ್ರವೇಶಕ್ಕೇ ಬರಲಿ, ಅವತ್ತೇ ನೋಡಲಿ" ಎಂದು ಮರುಮಾತು ಕಳಿಸಿದ.

ಮಾಘದಲ್ಲಿ ಮನೆ ನಿಂತಿತು. ಮೊಸಾಯಿಕ್ ನೆಲ, ಮುಂದೆ ಕರಿಕಲ್ಲಿನ ಪಾಲಿಶ್ ಮೆಟ್ಟಿಲು, ರಸ್ತೆಗೆ ಮುಖ ಮಾಡಿದ ಬಾಲ್ಕನಿ, ಜ್ಞಾನೇಶನದಕ್ಕಿಂತ ಒಂದೂವರೆ ಅಡಿ ಮುಂದಕ್ಕೆ. ಅಳೆದೇ ಕಟ್ಟಿಸಿದ್ದ. ಆ ಬಾಲ್ಕನಿಯಿಂದ ಕಾಣುತ್ತಿದ್ದುದು ಎದುರಿನವರ ತಿಪ್ಪೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ರೇವಣಸಿದ್ದಯ್ಯನೇ ಅಲ್ಲ. ಎಲ್ಲರೂ ತಾಂಬೂಲಕ್ಕೆ ಹಸಿ ಕಾಯಿ ಕೊಡುತ್ತಾರೆ, ತಾನು ಐನೂರು ಜನಕ್ಕೂ ಅಟ್ಟದ ಕೊಬ್ಬರಿಕಾಯಿ ಕೊಡಬೇಕು ಎಂಬ ಯೋಚನೆ ಬಂತು. ಕಾಯಿ ಸುಲಿದು, ಕರಟ ಒಡೆಯದೆ, ಬಟ್ಟೆಯ ಚೀಲದಲ್ಲಿ ಹಾಕಿ ಕೊಡುವುದು. ಚೀಲದ ಮೇಲೆ ಕೆಂಪು ಅಕ್ಷರದಲ್ಲಿ "ಬಸವನಪಾಳ್ಯದ ಶ್ರೀ ರೇವಣಸಿದ್ದಯ್ಯನವರ ಅಟ್ಟದ ಕೊಬ್ಬರಿ" ಎಂದು ಅಚ್ಚು ಹಾಕಿಸಿದ. ಅಟ್ಟ ಕೆಡವಿ ಎಂಟು ತಿಂಗಳಾಗಿತ್ತು.

ಕಾಯಿ ಸುಲಿಯಲು ಬಂದವನು ಹಟ್ಟಿಯ ಚಿತ್ತಣ್ಣ. ಇಪ್ಪತ್ತು ವರ್ಷದಿಂದ ಆ ಅಟ್ಟದ ಕಾಯಿ ಸುಲಿದ ಕೈ. ಗೋಡೌನಿನ ಬಾಗಿಲು ತೆಗೆದವನೇ ಮೂಗು ಮುಚ್ಚಿಕೊಂಡು ಹಿಂದೆ ಬಂದ. ಹತ್ತು ಕಾಯಿ ಸುಲಿದು ಸುವರ್ಣಮ್ಮನನ್ನು ಕೂಗಿದ.

"ಅಮ್ಮಾ, ವಸಿ ಬನ್ನಿ ಇಲ್ಲಿ. ಸಿಪ್ಪೆ ಕೈಗೆ ಬೆಣ್ಣೆ ಬಂದಂಗೆ ಬತ್ತೈತೆ."

ಅವಳು ಒಂದನ್ನೆತ್ತಿ ಅಲ್ಲಾಡಿಸಿದಳು. ಗಳಕ್ ಅಂದಿತು. ಇನ್ನೊಂದು. ಅದು ಏನೂ ಅನ್ನಲಿಲ್ಲ. ಮೂರನೆಯದನ್ನು ಅಲ್ಲಾಡಿಸಲು ಕೈ ಬರಲಿಲ್ಲ. ನೇರ ಗಂಡನ ಹತ್ತಿರ ಹೋದಳು. ಅವನು ಶಾಮಿಯಾನದವನಿಗೆ ಜರಿ ತೋರಣ ಎಲ್ಲಿ ಕಟ್ಟಬೇಕೆಂದು ಹೇಳುತ್ತಿದ್ದ.

"ಕಾಯಿ ಕೆಟ್ಟವೆ ಕಣ್ರೀ. ನಿಮ್ಮ ಕೈ ಮುಗೀತೀನಿ, ತೋಟದಾಗಿಂದ ಹಸಿ ಕಾಯಿ ಕೀಳ್ಸಿ ಕೊಡಾನ. ಹಸಿ ಕಾಯಿ ಕೊಟ್ರೆ ಯಾರೂ ನಗಾಕಿಲ್ಲ."

"ಚೀಲ ಅಚ್ಚಾಗಿ ಬಂದೈತೆ. ಅಟ್ಟದ ಕೊಬ್ರಿ ಅಂತ ಬರ್ಸಿ ಹಸಿ ಕಾಯಿ ಕೊಡ್ಲಾ? ಮರ್ಯಾದೆ ಏನಾಯ್ತದೆ?"

"ಕೊಳೆತದ್ದು ಕೊಟ್ರೆ?"

"ಯಾರು ಇಲ್ಲೇ ಒಡೀತಾರೆ? ಮನೆಗೋಗಿ ಒಡ್ಕತಾರೆ. ಅಷ್ಟೊತ್ಗೆ ಮನೆ ನೋಡಿ, ಊಟ ಉಂಡು, ಬಾಯ್ತುಂಬ ಹೊಗಳಿ ಆಗಿರ್ತದೆ."

"ಅಂಗಾರೆ ಕಾಡಸಿದ್ದಪ್ಪಾರಿಗೆ ಮಾತ್ರ ಕೊಡಬ್ಯಾಡಿ. ಅದೊಂದು ನಡೆಸ್ಕೊಡಿ."

"ಹ್ಞೂಂ ಬುಡು" ಅಂದ, ಜರಿಯ ಕಡೆ ನೋಡುತ್ತಲೇ. ಆಮೇಲೆ ಐನೂರು ಕಾಯಿಗೂ ಎಣ್ಣೆ ಸವರಿಸಿದ. ಫಳಫಳ ಹೊಳೆದವು.

ಅವನ ಲೆಕ್ಕಾಚಾರ ಬೇರೆ ಯಾವ ಸೀಮೆಯಲ್ಲಾದರೂ ನಡೆಯುತ್ತಿತ್ತು. ಭತ್ತದ ಸೀಮೆಯವನ ಕೈಗೆ ಕಾಯಿ ಕೊಟ್ಟರೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ತಿಪಟೂರು ಸೀಮೆಯವನ ಕೈಗೆ ಕೊಟ್ಟರೆ ಅದು ಮೊದಲು ಹೋಗುವುದು ಕಿವಿಗೆ. ಬುದ್ಧಿ ಹೇಳುವ ಮೊದಲೇ ಕೈ ಎತ್ತುತ್ತದೆ. ಅಲ್ಲೇ ಹುಟ್ಟಿ, ಅಲ್ಲೇ ನಲವತ್ತೆಂಟು ವರ್ಷ ಬೆಳೆದ ಮನುಷ್ಯನಿಗೆ ಇದು ಹೊಳೆಯಲಿಲ್ಲವೆಂದರೆ, ಡೌಲು ತಲೆಗೆ ಏರಿದವನಿಗೆ ಸ್ವಂತ ಊರೂ ಮರೆಯುತ್ತದೆ ಎಂದೇ ಅರ್ಥ.

ಗೃಹಪ್ರವೇಶದ ದಿನ ಊಟವಾಯಿತು. ಸಫಾರಿ ತೊಟ್ಟು, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡ ರೇವಣಸಿದ್ದಯ್ಯ ಬಾಗಿಲಲ್ಲಿ ನಿಂತು ಚೀಲ ಹಂಚತೊಡಗಿದ. ಮೊದಲು ತೆಗೆದುಕೊಂಡವಳು ಎದುರು ಮನೆಯ ಮುದುಕಿ ಕೊಲ್ಲಾಪುರಮ್ಮ. ಮೆಟ್ಟಿಲು ಇಳಿಯುವ ಮುಂಚೆಯೇ ಕಾಯಿ ತೆಗೆದು ಕಿವಿಗೆ ಹಿಡಿದಳು.

"ಇದೇನ್ಲಾ ರೇವಣ್ಣ, ಮಜ್ಜಿಗೆ ಕಡ್ದಂಗೆ ಗಳಗಳ ಅಂತೈತೆ?"

"ನಿಂಗೆ ಕಿವಿ ಮಂದ ಕಣಜ್ಜಿ, ನಡಿ ನಡಿ."

"ಕಿವಿ ಮಂದ ಆದೋಳ್ಗೇ ಕೇಳ್ತೈತೆ, ಇನ್ನ ಚುರುಕಿರೋರ್ಗೆ?"

ಅಷ್ಟು ಹೊತ್ತಿಗೆ ಶಾಮಿಯಾನದ ತುಂಬ ಕಾಯಿಗಳು ಕಿವಿಗೆ ಏರಿದ್ದವು. ಗಂಡಸರು, ಹೆಂಗಸರು, ಮಠದಿಂದ ಬಂದ ಹಿರಿಯರು, ಎಲ್ಲರೂ ತಲೆ ಓರೆ ಮಾಡಿ ಅಲ್ಲಾಡಿಸುತ್ತಿದ್ದಾರೆ. ಲೊಡಲೊಡ ಅನ್ನಬೇಕಾದ ಕಡೆ ಅಲ್ಲೊಂದು ಗಳಕ್, ಇಲ್ಲೊಂದು ಗಳಕ್, ಉಳಿದದ್ದು ಮಣ್ಣಿನ ಹೆಂಟೆಯಂತೆ ಮೌನ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜ್ಞಾನೇಶ ಕಾದಿದ್ದವನಂತೆ ಎದ್ದು ಬಂದ.

"ಅಣ್ಣ, ಇದು ಕೊಬ್ರಿನಾ ಎಳನೀರಾ? ನೋಡೇ ಬುಡಾನ" ಎಂದವನೇ ಕಾಯನ್ನು ಪಾಲಿಶ್ ಮೆಟ್ಟಿಲಿಗೆ ಅಪ್ಪಳಿಸಿದ. ಕಪ್ಪು ನೀರು ಹಾರಿ ಸಫಾರಿಗೆ ಬಿತ್ತು. ವಾಸನೆಗೆ ಮುಂದಿನ ಸಾಲಿನವರು ಕುರ್ಚಿ ಬಿಟ್ಟು ಎದ್ದರು. ಹೊಸ ಮನೆಯ ಹೊಸಿಲಲ್ಲಿ ಕಾಯಿ ಕೊಳೆತು ಬಂದರೆ ಏನರ್ಥವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಕಾಡಸಿದ್ದಪ್ಪನವರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವರು ಬೆಳಿಗ್ಗೆ ಬಂದವರೇ ಕೇಳಿದ್ದು ಒಂದು ಮಾತು: "ಅಟ್ಟ ಎಲ್ಲಿ?" ರೇವಣಸಿದ್ದಯ್ಯ ಅವರಿಗೆ ಬಾಲ್ಕನಿ ತೋರಿಸಿದ್ದ, ಕೈ ತೊಳೆಯುವ ಬೇಸಿನ್ನು ತೋರಿಸಿದ್ದ, ಗೂಡಿನಲ್ಲಿಟ್ಟ ಫೋನಿಗೆ ಹೊದಿಸಿದ್ದ ಕಸೂತಿ ಬಟ್ಟೆ ಎತ್ತಿ ತೋರಿಸಿದ್ದ. ಅವರು ಎಲ್ಲದಕ್ಕೂ "ಹೂಂ" ಅಂದು, ತಲೆ ಎತ್ತಿ ಬೋಳು ತಾರಸಿಯನ್ನು ನೋಡಿದ್ದರು.

ಈಗ ಮಾನ ಹೋಗುತ್ತಿರುವಾಗ ರೇವಣಸಿದ್ದಯ್ಯನಿಗೆ ದೊಡ್ಡವರೊಬ್ಬರ ಬಾಯಿಂದ ಒಂದು ಮಾತು ಬೇಕಾಯಿತು. ಹೆಂಡತಿಗೆ "ಹ್ಞೂಂ" ಅಂದದ್ದು ನೆನಪಾಗಲಿಲ್ಲ, ಅಥವಾ ನೆನಪಾಗಿಯೂ ಬೇಡವಾಯಿತು. ಗುಂಪಿನ ನಡುವೆ ಒಂದು ಚೀಲ ಹಿಡಿದು ಅವರ ಮುಂದೆ ನಿಂತ.

"ಎಲ್ಲೋ ಒಂದೆರಡು ಕೆಟ್ಟಿರ್ತವೆ. ನೀವು ಹೇಳಿ ಸ್ವಾಮಿ, ಇಪ್ಪತ್ತು ವರ್ಷದಿಂದ ತಗಂಡು ಹೋಗೋರು ನೀವು. ನಮ್ಮನೆ ಕೊಬ್ರಿ ಎಂಥದು ಅಂತ ಈ ಜನಕ್ಕೆ ನೀವೇ ಹೇಳಿ."

ಸುವರ್ಣಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

ಮುದುಕರು ಕಾಯಿ ತೆಗೆದುಕೊಂಡರು. ಕಿವಿಗೆ ಹಿಡಿದರು. ಅಭ್ಯಾಸದಂತೆ ಕಣ್ಣು ಮುಚ್ಚಿದರು. ಕಣ್ಣು ತೆರೆದವರು ರೇವಣಸಿದ್ದಯ್ಯನನ್ನು ನೋಡಲೇ ಇಲ್ಲ. ಎದ್ದು, ಜನರನ್ನು ದಾಟಿ, ಸುವರ್ಣಮ್ಮನ ಹತ್ತಿರ ಬಂದು ಕಾಯನ್ನು ಅವಳ ಕೈಯಲ್ಲಿಟ್ಟರು.

"ತಾಯಿ, ಇದು ನಿಮ್ಮ ಕೈದಲ್ಲ, ನನಗೆ ಗೊತ್ತು. ಅಟ್ಟ ಕಟ್ಟಿದ್ ದಿನ ಹೇಳ್ಕಳ್ಸಿ, ಬತ್ತೀನಿ. ಅಲ್ಲೀಗಂಟ ಮಂಡೀಲಿ ನಿಮ್ಮ ಹೆಸರು ಎತ್ತಾಕಿಲ್ಲ. ಎತ್ತಿ ಸುಳ್ಳಾಗಬಾರ್ದು."

ಅಷ್ಟು ಹೇಳಿ ಸವೆದ ಚಪ್ಪಲಿ ಮೆಟ್ಟಿಕೊಂಡು, ಕಪ್ಪು ನೀರು ತುಳಿಯದಂತೆ ಪಕ್ಕದಿಂದ ಇಳಿದು ನಡೆದರು.

ಉಳಿದ ಕಾಯಿಗಳು ತಿಪ್ಪೆ ಸೇರಿದವು. ಚೀಲಗಳು ಸೇರಲಿಲ್ಲ. ಗಟ್ಟಿ ಬಟ್ಟೆ, ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ? ಮೂರು ವರ್ಷ ಆ ಸುತ್ತಿನ ಜನ ರಾಗಿಯನ್ನು ಮಿಲ್ಲಿಗೆ ಹೊತ್ತದ್ದು, ಸಂತೆಯಿಂದ ಈರುಳ್ಳಿ ತಂದದ್ದು, ಬಸ್ಸಿನಲ್ಲಿ ಕೋಳಿಪಿಳ್ಳೆ ಒಯ್ದದ್ದು ರೇವಣಸಿದ್ದಯ್ಯನವರ ಅಟ್ಟದ ಕೊಬ್ಬರಿಯ ಚೀಲದಲ್ಲೇ. ಹೆಸರು ನಾಲ್ಕೂರಿಗೆ ಹರಡಬೇಕೆಂದು ಬಯಸಿದ್ದ, ಹರಡಿತು.

ಅವನು ಒಂದು ತಿಂಗಳು ಬಾಲ್ಕನಿಗೂ ಬರಲಿಲ್ಲ. ಆ ಒಂದು ತಿಂಗಳಲ್ಲಿ ಸುವರ್ಣಮ್ಮ ಚಿತ್ತಣ್ಣನನ್ನು ಕರೆಸಿ ದನದ ಕೊಟ್ಟಿಗೆಯ ಗೋಡೆಯನ್ನು ಮೂರಡಿ ಎತ್ತರಿಸಿದಳು. ಹಿತ್ತಲಿನಲ್ಲಿ ಪೇರಿಸಿಟ್ಟಿದ್ದ ಹಳೆಯ ಹೆಂಚನ್ನೇ ಹೊದಿಸಿದಳು. ತೆಂಗಿನ ಮರದ ತೊಲೆ ಇಟ್ಟು, ಬಣವೆಯ ಹಿಂದಿನ ದಬ್ಬೆಗಳನ್ನು ತಂದು, ಬೆರಳು ಸಂದಿ ಬಿಟ್ಟು ತಾನೇ ಹಾಸಿದಳು. ಕೆಳಗೆ ಎಮ್ಮೆ, ಮೇಲೆ ಅಟ್ಟ. ಕೊಟ್ಟಿಗೆಯ ಮೂಲೆಯಲ್ಲೊಂದು ಒಲೆ ಹೂಡಿ ಮನೆಯ ನೀರೆಲ್ಲ ಅಲ್ಲೇ ಕಾಯಿಸತೊಡಗಿದಳು. ಕಾರ್ತೀಕದಲ್ಲಿ ಕಾಯಿ ಏರಿತು. ಪೂರ್ತಿ ಒಂದು ವರ್ಷ ಅವಳು ಅದನ್ನು ಮುಟ್ಟಲಿಲ್ಲ, ಯಾರನ್ನೂ ಮುಟ್ಟಗೊಡಲಿಲ್ಲ. ಆಮೇಲೆ ಚಿತ್ತಣ್ಣನ ಕೈಯಲ್ಲಿ ತಿಪಟೂರಿಗೆ ಹೇಳಿಕಳಿಸಿದಳು.

ಕಾಡಸಿದ್ದಪ್ಪನವರು ಬರುವ ಸುದ್ದಿ ತಿಳಿದು ರೇವಣಸಿದ್ದಯ್ಯ ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಮೂರು ಪೆನ್ನು ಜೇಬಿನಲ್ಲಿದ್ದವು.

"ಬನ್ನಿ ಸ್ವಾಮಿ, ಮೇಲೆ ಬನ್ನಿ. ಇಲ್ಲಿ ಗಾಳಿ ಚೆನ್ನಾಗೈತೆ" ಎಂದು ಕೂಗಿದ.

"ಕಾಯಿ ಮೇಲೈತಾ?" ಎಂದರು ಮುದುಕರು ಕೆಳಗಿನಿಂದ.

"ಇಲ್ಲ, ಕಾಯಿ ಹಿಂದೆ..."

"ಅಂಗಾರೆ ಅಲ್ಲಿಗೇ ಹೋಯ್ತೀನಿ ಬುಡಪ್ಪ."

ಮನೆಯ ಪಕ್ಕದ ಓಣಿಯಲ್ಲಿ ಹಿಂದಕ್ಕೆ ನಡೆದರು. ಕೊಟ್ಟಿಗೆಯ ತೊಲೆಗೆ ತಲೆ ತಾಗದಂತೆ ನಡು ಬಗ್ಗಿಸಿ ಒಳಗೆ ಬಂದರು. ಬಗ್ಗಿದ್ದಕ್ಕೆ ಅವರ ಗೌರವವೇನೂ ಕಡಿಮೆಯಾಗಲಿಲ್ಲ. ಎಮ್ಮೆಯ ಬೆನ್ನು ಸವರಿ, ಏಣಿ ಹತ್ತಿ, ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಕಣ್ಣು ಮುಚ್ಚಿದರು.

ಲೊಡಲೊಡ. ಕೆಳಗೆ ನಿಂತ ಚಿತ್ತಣ್ಣನಿಗೂ ಕೇಳಿಸಿತು.

"ಮಂಡೀಲಿ ಹೇಳ್ತೀನಿ ತಾಯಿ" ಅಂದರು, ಕಣ್ಣು ಮುಚ್ಚಿಕೊಂಡೇ.

ಆ ಹೊತ್ತಿಗೆ ಮುಂದೆ ಮನೆಯೊಳಗಿಂದ ರೇವಣಸಿದ್ದಯ್ಯ ಫೋನಿನಲ್ಲಿ ಮಾತಾಡುವ ದನಿ ತೂರಿ ಬಂತು. ತುರುವೇಕೆರೆಗೆ ಫೋನಿಲ್ಲದೆಯೂ ಕೇಳುವಷ್ಟು ಗಟ್ಟಿ. "ಹೂಂ ಕಣಪ್ಪ ಜ್ಞಾನೇಶ, ಕೊಬ್ರಿಗೆ ಅಂತ್ಲೇ ಸಪರೇಟ್ ಮನೆ ಕಟ್ಟಿಸ್ಬುಟ್ಟೆ. ನಾವಿರೋಕೊಂದು, ಕೊಬ್ರಿಗೊಂದು. ನಿಮ್ಮ ತುರುವೇಕೆರೇಲಿ ಯಾರಿಗೈತೆ ಹೇಳು ನೋಡಾನ?"

ಚಿತ್ತಣ್ಣ ಹೆಗಲ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದು ಆಚೆ ತಿರುಗಿದ. ಸುವರ್ಣಮ್ಮ ಕೇಳಿಸಿಕೊಂಡಳು. ಇನ್ನೊಂದು ಕಾಯಿ ಆರಿಸಿ ಮುದುಕರ ಕೈಗೆ ಕೊಟ್ಟಳು.